ಸಂಪಾದಕರ ಉತ್ತರ: ವಾರ್ನಿಂಗ್ ದೊಡ್ಡದೋ, ಕಾಷನ್ ದೊಡ್ಡದೋ?

ಮಾನ್ಯರೇ,

ಕಾರ್ಖಾನೆಯ ಯಂತ್ರಗಳ ಮೇಲೆ ಅಂಟಿಸುವ ಇಂಗ್ಲಿಷ್ ಫಲಕಗಳನ್ನು ಬರೆಯುವ ಹೊಣೆ ತಮಗೆ ಬಂದಿದೆಯೆಂದೂ, ನಿಘಂಟು ತೆರೆದರೆ ವಾರ್ನಿಂಗ್, ಕಾಷನ್, ಅಲರ್ಟ್, ಅಡ್ವೈಸರಿ ಎಂಬ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕಾಣುತ್ತದೆಂದೂ ಬರೆದಿದ್ದೀರಿ. ಇವುಗಳಲ್ಲಿ ಯಾವುದು ಹೆಚ್ಚು ತೀವ್ರ ಎಂಬುದು ತಮ್ಮ ಮೊದಲ ಪ್ರಶ್ನೆ. ಎಚ್ಚರಿಸುವುದೆಂದರೇ ಮೊದಲೇ ತಿಳಿಸುವುದಾಗಿರುವಾಗ ‘ಫೋರ್‌ವಾರ್ನ್’, ‘ಅಡ್ವಾನ್ಸ್ ವಾರ್ನಿಂಗ್’ ಎನ್ನುವುದು ಪುನರುಕ್ತಿಯಲ್ಲವೇ ಎಂಬುದು ಎರಡನೆಯದು. ‘ವಾರ್ನ್’ ಕ್ರಿಯಾಪದದ ಮುಂದೆ ‘ಆಫ್’ ಬರಬೇಕೋ ‘ಅಗೇನ್ಸ್ಟ್’ ಬರಬೇಕೋ ಎಂಬುದು ಕೊನೆಯದು.

ಮೊದಲ ಪ್ರಶ್ನೆಗೆ ನಿಘಂಟಿನಲ್ಲಿ ಉತ್ತರ ಸಿಗದಿರುವುದು ನಿಘಂಟಿನ ದೋಷವಲ್ಲ. ಇಂಗ್ಲಿಷ್ ಆಡುವವರ ದಿನನಿತ್ಯದ ಮಾತಿನಲ್ಲಿ ಈ ಪದಗಳಿಗೆ ಏಣಿಯ ಮೆಟ್ಟಿಲುಗಳಂಥ ಕ್ರಮವಿಲ್ಲ. ಕ್ರಮವನ್ನು ಕೊಟ್ಟವು ಸಂಸ್ಥೆಗಳು. ಒಂದೊಂದು ಕ್ಷೇತ್ರವೂ ತನಗೆ ಬೇಕಾದ ಅಳತೆಗೋಲನ್ನು ಹಿಡಿದು ಕೊಟ್ಟಿರುವುದರಿಂದ, ಒಂದು ಕಡೆ ಕಲಿತ ಕ್ರಮವನ್ನು ಇನ್ನೊಂದು ಕಡೆಗೆ ಹೊತ್ತೊಯ್ದರೆ ಗೊಂದಲವಾಗುತ್ತದೆ.

ತಮಗೆ ಬೇಕಾಗಿರುವ ಯಂತ್ರದ ಫಲಕವನ್ನೇ ನೋಡೋಣ. ಅಮೆರಿಕದ ಎಎನ್‌ಎಸ್‌ಐ ಝಡ್ 535 ಮಾನಕದ ಪ್ರಕಾರ, ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ತೀರುವಲ್ಲಿ ‘ಡೇಂಜರ್’ ಎಂದು ಬರೆಯಬೇಕು. ಅದೇ ಸಾವು ಅಥವಾ ಗಂಭೀರ ಗಾಯ ಆಗಬಹುದು ಎನ್ನುವಲ್ಲಿ ‘ವಾರ್ನಿಂಗ್’. ಆಗಬಹುದಾದ ಗಾಯ ಸಣ್ಣದು ಅಥವಾ ಮಧ್ಯಮ ಪ್ರಮಾಣದ್ದಾದರೆ ‘ಕಾಷನ್’. ಮೈಗೆ ಗಾಯವಾಗುವ ಪ್ರಶ್ನೆಯೇ ಇಲ್ಲದೆ ಬರೀ ಯಂತ್ರ ಕೆಡುವ ಸಂಭವವಿದ್ದರೆ ‘ನೋಟಿಸ್’ ಸಾಕು. ಕೆಂಪು, ಕಿತ್ತಳೆ, ಹಳದಿ, ನೀಲಿ ಬಣ್ಣಗಳು ಕ್ರಮವಾಗಿ ಈ ನಾಲ್ಕಕ್ಕೆ ಸಲ್ಲುತ್ತವೆ. ಮೊದಲ ಎರಡರ ನಡುವಿನ ವ್ಯತ್ಯಾಸ ಗಾಯದ ಪ್ರಮಾಣದಲ್ಲಿಲ್ಲ, ‘ಆಗುತ್ತದೆ’ ಮತ್ತು ‘ಆಗಬಹುದು’ ಎಂಬುದರಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಫಲಕ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಗೋಡೆಗೊಂದರಂತೆ ‘ಡೇಂಜರ್’ ಹಚ್ಚಿದರೆ ಸುರಕ್ಷತೆ ಹೆಚ್ಚುತ್ತದೆಂಬ ನಂಬಿಕೆ ನನಗಂತೂ ಇಲ್ಲ. ರಾಸಾಯನಿಕಗಳ ಡಬ್ಬಿಗಳ ವಿಷಯ ಬೇರೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಜಿಎಚ್‌ಎಸ್ ಪದ್ಧತಿಯಲ್ಲಿ ‘ಡೇಂಜರ್’ ಮತ್ತು ‘ವಾರ್ನಿಂಗ್’ ಎಂಬ ಎರಡೇ ಸಂಕೇತಪದಗಳಿದ್ದು, ಮೊದಲನೆಯದು ಬಂದ ಚೀಟಿಯ ಮೇಲೆ ಎರಡನೆಯದು ಬರುವಂತಿಲ್ಲ. ‘ಕಾಷನ್’ ಅಲ್ಲಿ ಇಲ್ಲವೇ ಇಲ್ಲ.

ವಿಮಾನದ ಚಾಲಕರ ಮುಂದಿರುವ ಫಲಕದಲ್ಲಿಯೂ ‘ವಾರ್ನಿಂಗ್’ ಮೇಲೆ, ‘ಕಾಷನ್’ ಕೆಳಗೆ. ಆದರೆ ಅಲ್ಲಿ ಅಳೆಯುವುದು ಗಾಯವನ್ನಲ್ಲ, ಚಾಲಕರಿಗೆ ಉಳಿದಿರುವ ಸಮಯವನ್ನು. ಕೆಂಪು ‘ವಾರ್ನಿಂಗ್’ ಬಂದರೆ ತಕ್ಷಣ ತಿಳಿಯಬೇಕು, ತಕ್ಷಣ ಕ್ರಮವನ್ನೂ ಕೈಗೊಳ್ಳಬೇಕು. ‘ಕಾಷನ್’ ಬಂದರೆ ತಿಳಿಯಬೇಕಾದದ್ದು ತಕ್ಷಣವೇ ಆದರೂ ಕ್ರಮ ಆಮೇಲೆ ಆಗಬಹುದು. ‘ಅಡ್ವೈಸರಿ’ ಗಮನದಲ್ಲಿದ್ದರೆ ಸಾಕು, ಮುಂದೆ ಕ್ರಮದ ಅಗತ್ಯ ಬೀಳಲೂಬಹುದು, ಬೀಳದೆಯೂ ಇರಬಹುದು.

ಹವಾಮಾನದವರ ಅಳತೆಗೋಲು ಮೂರನೆಯ ಬಗೆಯದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಸುಂಟರಗಾಳಿಗೆ ಅನುಕೂಲವಾದ ಪರಿಸ್ಥಿತಿ ಇರುವಾಗ ‘ವಾಚ್’ ಹೊರಡಿಸುತ್ತದೆ. ಸುಂಟರಗಾಳಿ ಕಣ್ಣಿಗೋ ರೇಡಾರಿಗೋ ಕಂಡಾಗ ‘ವಾರ್ನಿಂಗ್’ ಹೊರಡಿಸುತ್ತದೆ. ಇಲ್ಲಿ ಬದಲಾಗುವುದು ಅಪಾಯದ ಗಾತ್ರವಲ್ಲ, ಅದು ಎಷ್ಟು ಖಚಿತ, ಎಷ್ಟು ಹತ್ತಿರ ಎಂಬುದು. ಬ್ರಿಟನ್ನಿನ ಹವಾಮಾನ ಇಲಾಖೆಯಾದರೋ ಪದಗಳ ಈ ತೊಡಕಿಗೆ ಹೋಗದೆ ಎಲ್ಲವನ್ನೂ ‘ವಾರ್ನಿಂಗ್’ ಎಂದೇ ಕರೆದು, ಅದಕ್ಕೆ ಹಳದಿ, ಆ್ಯಂಬರ್, ಕೆಂಪು ಎಂದು ಬಣ್ಣ ಸೇರಿಸುತ್ತದೆ. ಬಣ್ಣ ನಿರ್ಧಾರವಾಗುವುದು ಆಗುವ ಹಾನಿ ಎಷ್ಟು, ಆಗುವ ಸಂಭವ ಎಷ್ಟು ಎಂಬ ಎರಡನ್ನೂ ಕೂಡಿಸಿ ನೋಡಿ. ಆಸ್ಟ್ರೇಲಿಯಾದ ಮೂರು ಹಂತಗಳು ‘ಅಡ್ವೈಸ್’, ‘ವಾಚ್ ಆ್ಯಂಡ್ ಆ್ಯಕ್ಟ್’, ‘ಎಮರ್ಜೆನ್ಸಿ ವಾರ್ನಿಂಗ್’. ನಡುವಿನ ಹಂತದ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಕಾಡ್ಗಿಚ್ಚು ಸಮೀಪಿಸುತ್ತಿರುವಾಗ ಮನೆಯಲ್ಲಿ ಕುಳಿತವನಿಗೆ ‘ಗಮನಿಸು’ ಎಂದೂ ‘ಕ್ರಮ ಕೈಗೊಳ್ಳು’ ಎಂದೂ ಒಂದೇ ಉಸಿರಿನಲ್ಲಿ ಹೇಳಿದರೆ, ಅವನು ತನಗೆ ಸುಲಭವಾದದ್ದನ್ನೇ ಆರಿಸಿಕೊಳ್ಳುವ ಸಂಭವ ಹೆಚ್ಚು.

‘ಅಲರ್ಟ್’ ಈ ಸಾಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಎತ್ತರದ ಕಾವಲುಜಾಗಕ್ಕೆ ಕರೆಯುವ ಇಟಾಲಿಯನ್ ಸೈನಿಕರ ಕೂಗಿನಿಂದ ಅದು ಹುಟ್ಟಿತು. ‘ಅಲಾರ್ಮ್’ ಹುಟ್ಟಿದ್ದು ‘ಆಯುಧಗಳತ್ತ’ ಎಂಬ ಇನ್ನೊಂದು ಕೂಗಿನಿಂದ. ‘ಅಲರ್ಟ್’ ಕೇಳುಗನ ಗಮನವನ್ನು ಸೆಳೆಯುತ್ತದೆಯೇ ಹೊರತು ಅಪಾಯ ಎಂಥದೆಂದು ಹೇಳುವುದಿಲ್ಲ. ಆದ್ದರಿಂದಲೇ ಮೊಬೈಲಿಗೆ ಬರುವ ಸಂದೇಶಕ್ಕೆ ‘ಎಮರ್ಜೆನ್ಸಿ ಅಲರ್ಟ್’ ಎಂಬ ಹೆಸರು ಸಲ್ಲುತ್ತದೆ: ಅದು ಹೊತ್ತು ತರುವ ವಿಷಯ ಏನೂ ಇರಬಹುದು. 2018ರ ಜನವರಿ 13ರಂದು ಹವಾಯಿ ದ್ವೀಪಗಳ ಜನರ ಮೊಬೈಲುಗಳಿಗೆ ಕ್ಷಿಪಣಿ ಬರುತ್ತಿದೆಯೆಂಬ ತಪ್ಪು ಸಂದೇಶ ಹೋಯಿತು. ಅದನ್ನು ತಿದ್ದುವ ಸಂದೇಶ ಹೊರಡಲು 38 ನಿಮಿಷ ಹಿಡಿಯಿತು. ಆ ಸಂದೇಶದ ಒಡಲಿನಲ್ಲಿ ‘ವಾರ್ನಿಂಗ್’ ಆಗಲಿ ‘ಕಾಷನ್’ ಆಗಲಿ ಇರಲಿಲ್ಲ. ಕ್ಷಿಪಣಿಯ ಬೆದರಿಕೆಯಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಅಭ್ಯಾಸವಲ್ಲ ಎಂಬಷ್ಟೇ ಮಾತುಗಳು ಜನರನ್ನು ಓಡಿಸಿದವು. ತಮ್ಮ ಫಲಕದಲ್ಲಿಯೂ ಮೇಲಿನ ದಪ್ಪಕ್ಷರದ ಪದಕ್ಕಿಂತ ಅದರ ಕೆಳಗಿನ ಸಾಲಿಗೆ, ಎಂದರೆ ಅಪಾಯ ಯಾವುದು, ಏನು ಮಾಡಬೇಕು ಎಂಬುದಕ್ಕೆ, ಹೆಚ್ಚು ಗಮನ ಕೊಡುವುದು ಒಳ್ಳೆಯದು.

ಪುನರುಕ್ತಿಯ ಬಗೆಗಿನ ತಮ್ಮ ಆಕ್ಷೇಪ ಹೊಸದಲ್ಲ. ಇಂಗ್ಲಿಷಿನ ಶುದ್ಧಿವಾದಿಗಳೂ ಅದನ್ನೇ ಹೇಳುತ್ತಾರೆ. ಆದರೆ ‘ವಾರ್ನಿಂಗ್’ ಯಾವಾಗಲೂ ಮುಂದಿನದನ್ನೇ ಕುರಿತದ್ದಲ್ಲ. ತಪ್ಪು ಮಾಡಿದ ನೌಕರನಿಗೆ ಕೊಡುವ ‘ವಾರ್ನಿಂಗ್’ ಆಗಿಹೋದದ್ದನ್ನು ಹಿಡಿದು ಬಂದದ್ದು. ಫುಟ್‌ಬಾಲಿನ ಹಳದಿ ಕಾರ್ಡಿಗೆ ನಿಯಮಪುಸ್ತಕದಲ್ಲಿರುವ ಹೆಸರು ‘ಕಾಷನ್’, ಅದೂ ತಪ್ಪು ನಡೆದ ಮೇಲೆಯೇ. ಹೀಗಿರುವಾಗ ಮೊದಲೇ ತಿಳಿಸಿದ್ದು ಎಂದು ಒತ್ತಿ ಹೇಳಲು ‘ಫೋರ್‌ವಾರ್ನ್’ಗೆ ಒಂದು ಸ್ಥಾನ ಇದ್ದೇ ಇದೆ. ‘ಅರ್ಲಿ ವಾರ್ನಿಂಗ್’ ಅಂತೂ ಪುನರುಕ್ತಿಯೇ ಅಲ್ಲ. ಜಪಾನು 2007ರಲ್ಲಿ ಸಾರ್ವಜನಿಕರಿಗೆ ತೆರೆದ ಭೂಕಂಪದ ವ್ಯವಸ್ಥೆಯನ್ನು ನೋಡಿ: ಭೂಮಿಯೊಳಗೆ ಕಂಪನ ಆಗಲೇ ಶುರುವಾಗಿರುತ್ತದೆ, ವೇಗವಾಗಿ ಬರುವ ದುರ್ಬಲ ಅಲೆಗಳು ಉಪಕರಣಗಳನ್ನು ಮೊದಲು ಮುಟ್ಟುತ್ತವೆ, ನಿಧಾನವಾಗಿ ಬರುವ ಪ್ರಬಲ ಅಲೆಗಳು ಊರನ್ನು ತಲುಪುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಸೂಚನೆ ಹೊರಡುತ್ತದೆ. ಆ ಕೆಲವು ಸೆಕೆಂಡುಗಳ ಮುನ್ನಡೆಯನ್ನು ಹೇಳುವುದು ‘ಅರ್ಲಿ’ ಎಂಬ ಪದವೇ. ‘ಅಡ್ವಾನ್ಸ್ ವಾರ್ನಿಂಗ್’ ಮಾತ್ರ ಅನೇಕ ಕಡೆ ಬರೀ ಅಭ್ಯಾಸಬಲದಿಂದ ಬಂದದ್ದು. ಮೊದಲ ಪದವನ್ನು ಹೊಡೆದುಹಾಕಿದರೆ ನಷ್ಟವೇನಿಲ್ಲ.

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಬರುತ್ತಿರುವ ಅಪಾಯವನ್ನು ಹೆಸರಿಸುವಾಗ ‘ವಾರ್ನ್ ಆಫ್’. ಅದರ ವಿಚಾರವನ್ನು ತುಸು ವಿಸ್ತರಿಸಿ ಹೇಳುವಾಗ ‘ವಾರ್ನ್ ಅಬೌಟ್’. ಮಾಡಬಾರದ ಕೆಲಸದಿಂದ ತಡೆಯುವಾಗ ‘ವಾರ್ನ್ ಅಗೇನ್ಸ್ಟ್’. ‘ಅಲರ್ಟ್’ ಕ್ರಿಯಾಪದದ ಮುಂದೆ ಅಪಾಯವನ್ನು ಹೇಳಲು ‘ಟು’ ಬರುತ್ತದೆ. ಯಾರನ್ನು ಎಚ್ಚರಿಸಿದ್ದು ಎಂಬ ಕರ್ಮಪದವಿಲ್ಲದೆ ‘ವಾರ್ನ್’ ಬಳಸುವುದು ಇಂದಿನ ಪತ್ರಿಕೆಗಳಲ್ಲಿ ಸಾಮಾನ್ಯವಾದರೂ, ಹಳೆಯ ಬ್ರಿಟಿಷ್ ವ್ಯಾಕರಣಪ್ರಿಯರು ಅದನ್ನು ಒಪ್ಪುವುದಿಲ್ಲ. ತಾವು ಬರೆಯುವಂಥ ಔಪಚಾರಿಕ ಬರಹದಲ್ಲಿ ಕರ್ಮಪದವನ್ನು ಸೇರಿಸಿಬಿಡುವುದು ಕ್ಷೇಮ.

— ಸಂ.