ಪ್ರಶ್ನೋತ್ತರ: ಫಿರಂಗಿ ಇಳಿಸಿ ಕ್ಯಾಮೆರಾ ಹೊತ್ತ ಸ್ಪಿಟ್‌ಫೈರ್

ಪ್ರಶ್ನೆ: ನನ್ನ ಬಳಿ 1/48 ಪ್ರಮಾಣದ ಸ್ಪಿಟ್‌ಫೈರ್ ಮಾರ್ಕ್ 9 ಯುದ್ಧವಿಮಾನದ ಪ್ಲಾಸ್ಟಿಕ್ ಕಿಟ್ ಇದೆ. ಅದನ್ನೇ ಎರಡನೆಯ ಮಹಾಯುದ್ಧದ ಬೇಹು ವಿಮಾನವಾದ ಸ್ಪಿಟ್‌ಫೈರ್ ಪಿಆರ್ 11 ಆಗಿ ಕಟ್ಟುವ ಆಸೆಯಿದೆ. ಫಿರಂಗಿಗಳನ್ನು ಕತ್ತರಿಸಿ ನೀಲಿ ಬಣ್ಣ ಬಳಿದರೆ ಸಾಕೇ? ತಗಡುಗಳ ಸಂದಿನ ಗೆರೆಗಳಿಗೆ ಕಪ್ಪು ತುಂಬಿ ಎದ್ದು ಕಾಣುವಂತೆ ಮಾಡಬಹುದೇ?

ಉತ್ತರ: ಮೊದಲನೆಯದಕ್ಕೆ ಸಾಲದು, ಎರಡನೆಯದಕ್ಕೆ ದಯವಿಟ್ಟು ಬೇಡ ಎಂಬುದು ನನ್ನ ಉತ್ತರ. ಪಿಆರ್ 11 ಸಂಪೂರ್ಣ ನಿರಾಯುಧ ವಿಮಾನ. ರೆಕ್ಕೆಯ ಮುಂಗಡೆಯ ಅಂಚಿನೊಳಗೆ ಅದು ಹೆಚ್ಚುವರಿ ಇಂಧನವನ್ನು ತುಂಬಿಕೊಂಡು ಹಾರುತ್ತಿತ್ತು. ಹೀಗಾಗಿ ಫಿರಂಗಿಯ ಕೊಳವೆಗಳ ಜೊತೆಗೆ ಮೆಷಿನ್ ಗನ್ನಿನ ರಂಧ್ರಗಳು, ರೆಕ್ಕೆಯ ಮೇಲಿನ ಉಬ್ಬುಗಳು ಮತ್ತು ಕೆಳಗೆ ಖಾಲಿ ತೋಟೆ ಉದುರುವ ಸೀಳುಗಳು ಇವೆಲ್ಲವೂ ಮಾಯವಾಗಬೇಕು. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ: ಉಬ್ಬಿನ ಒಳಭಾಗ ಸಾಮಾನ್ಯವಾಗಿ ಟೊಳ್ಳಾಗಿರುವುದರಿಂದ, ಮೇಲಿನಿಂದ ಉಜ್ಜುತ್ತ ಹೋದಂತೆ ಪ್ಲಾಸ್ಟಿಕ್ ಸವೆದು ತೂತು ಬೀಳುತ್ತದೆ. ರೆಕ್ಕೆಯ ಎರಡು ಹೋಳುಗಳನ್ನು ಜೋಡಿಸುವ ಮೊದಲೇ ಒಳಗಿನಿಂದ ಎಪಾಕ್ಸಿ ಪುಟ್ಟಿ ಮೆತ್ತಿ, ಒಂದು ರಾತ್ರಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಉಜ್ಜಿದರೆ ಈ ತೊಂದರೆ ಇರುವುದಿಲ್ಲ.

ಮೂತಿಯೂ ಬೇರೆ. ದೂರದ ಹಾರಾಟಕ್ಕೆಂದು ದೊಡ್ಡ ಕೀಲೆಣ್ಣೆ ಟ್ಯಾಂಕ್ ಇಟ್ಟಿದ್ದರಿಂದ ಇಂಜಿನ್ನಿನ ಕೆಳಗಿನ ಹೊದಿಕೆ ಯುದ್ಧವಿಮಾನದ್ದಕ್ಕಿಂತ ಜೋತುಬಿದ್ದ ಗದ್ದದಂತೆ ಕಾಣುತ್ತದೆ. ಅದನ್ನು ಪುಟ್ಟಿಯಲ್ಲಿ ತಿದ್ದುವಾಗ ಪಕ್ಕದಿಂದ ತೆಗೆದ ಒಂದು ಒಳ್ಳೆಯ ಫೋಟೊ ಎದುರಿಗಿರಲಿ. ಮುಂಗಾಜಿನಲ್ಲಿ ಗುಂಡು ತಡೆಯುವ ಚಪ್ಪಟೆ ದಪ್ಪ ಗಾಜಿಲ್ಲ, ಅದರ ಬದಲು ಒಂದೇ ತುಂಡಿನ ಬಾಗಿದ ಗಾಜಿದೆ. ಮಾದರಿಯನ್ನು ಎದುರಿನಿಂದ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಆದ್ದರಿಂದ ಅದನ್ನು ಬದಲಿಸಲೇಬೇಕು. ಬಾಲದ ಚಕ್ರ ಮಡಚಿಕೊಳ್ಳುವ ಬಗೆಯದು, ಅದಕ್ಕೆ ಪುಟ್ಟ ಬಾಗಿಲುಗಳನ್ನೂ ಮಾಡಬೇಕಾಗುತ್ತದೆ.

ಈಗ ಕ್ಯಾಮೆರಾ ಕಿಟಕಿಗಳಿಗೆ ಬರೋಣ, ಏಕೆಂದರೆ ಅವಿಲ್ಲದಿದ್ದರೆ ಅದು ನೀಲಿ ಬಳಿದ ಯುದ್ಧವಿಮಾನವಷ್ಟೇ. ಕಾಕ್‌ಪಿಟ್‌ನ ಹಿಂದೆ, ವಿಮಾನದ ಹೊಟ್ಟೆಯಲ್ಲಿ ನೆಟ್ಟಗೆ ಕೆಳಗೆ ನೋಡುವ ಎರಡು ದುಂಡು ಕಿಟಕಿಗಳಿವೆ. ಪಕ್ಕಕ್ಕೆ ಓರೆಯಾಗಿ ನೋಡುವ ಕ್ಯಾಮೆರಾದ ಕಿಟಕಿ ನೀವು ಆರಿಸಿಕೊಂಡ ವಿಮಾನದಲ್ಲಿ ಇತ್ತೇ ಎಂಬುದನ್ನು ಅದೇ ವಿಮಾನದ ಫೋಟೊ ನೋಡಿ ನಿರ್ಧರಿಸಿ. ಒಮ್ಮೆಗೇ ದೊಡ್ಡ ತೂತು ಕೊರೆಯಬೇಡಿ. ಸೂಜಿಯಿಂದ ನಡುಬಿಂದು ಗುರುತಿಸಿ, ಸಣ್ಣ ಡ್ರಿಲ್‌ನಿಂದ ಆರಂಭಿಸಿ, ಸುರುಳಿ ಸುತ್ತಿದ ಮರಳು ಕಾಗದದಿಂದ ನಿಧಾನವಾಗಿ ಅಗಲಿಸುತ್ತ ಬನ್ನಿ. ಒಳಗೋಡೆಗೆ ಮಂದ ಕಪ್ಪು ಬಳಿದ ಮೇಲೆ, ಪ್ಲಾಸ್ಟಿಕ್ ಕೊಳವೆಯ ತುಂಡೊಂದನ್ನು ಕಪ್ಪಾಗಿಸಿ, ಅದರ ಬಾಯಿಗೆ ಪಾರದರ್ಶಕ ವಾರ್ನಿಷ್‌ನ ಒಂದು ಹನಿ ಬಿಟ್ಟರೆ ಅದು ಉಬ್ಬಿ ನಿಂತು, ಒಣಗಿದಾಗ ಥೇಟ್ ಮಸೂರದಂತೆ ಹೊಳೆಯುತ್ತದೆ. ಈ ವಿಮಾನಗಳು ಹೊರುತ್ತಿದ್ದ ಎಫ್ 52 ಕ್ಯಾಮೆರಾಗಳ ಮಸೂರದ ನಾಭಿದೂರ 36 ಇಂಚು ಇರುತ್ತಿತ್ತು, 1/48ರಲ್ಲಿ ಅದು ಸುಮಾರು 19 ಮಿಲಿಮೀಟರ್. ಇಡೀ ಕ್ಯಾಮೆರಾವನ್ನು ಕಟ್ಟಿ ಒಳಗಿಟ್ಟರೂ ಹೊರಗೆ ಕಾಣುವುದು ಅದರ ಬಾಯಿ ಮಾತ್ರ. ಹಾಗೆ ಕಟ್ಟಿ ಮುಚ್ಚಿಟ್ಟವರಲ್ಲಿ ನಾನೂ ಒಬ್ಬ, ಪಶ್ಚಾತ್ತಾಪವೇನಿಲ್ಲ.

ಇನ್ನು ಗೆರೆಗಳ ಮಾತು. 1939ರಲ್ಲಿ ಲಂಡನ್ ಬಳಿಯ ಹೆಸ್ಟನ್‌ನಲ್ಲಿ ವೈಮಾನಿಕ ಛಾಯಾಗ್ರಹಣದಲ್ಲಿ ಪಳಗಿದ ಪೈಲಟ್ ಸಿಡ್ನಿ ಕಾಟನ್ ಅವರ ತಂಡ ಮೊದಲ ಬೇಹು ಸ್ಪಿಟ್‌ಫೈರ್‌ಗಳನ್ನು ಸಜ್ಜುಗೊಳಿಸಿದಾಗ, ಬಂದೂಕುಗಳನ್ನು ಕಿತ್ತು, ಮೈಮೇಲಿನ ಸಂದುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ, ಹೊಳಪು ಬರುವಂತೆ ತಿಕ್ಕಿದ್ದರು. ಗುಂಡಿಗೆ ಗುಂಡಿನಿಂದ ಉತ್ತರ ಕೊಡಲಾಗದ ವಿಮಾನಕ್ಕೆ ಎತ್ತರ ಮತ್ತು ವೇಗಗಳೇ ರಕ್ಷಣೆಯಾಗಿದ್ದವು, ಆ ವೇಗಕ್ಕೆ ನುಣುಪಾದ ಮೈ ಬೇಕಿತ್ತು. ಈಗ ನಿಮ್ಮ ಕಿಟ್ಟಿನ ಗೆರೆಯನ್ನು ಅಳೆಯಿರಿ: ಅದು 0.2 ಮಿಲಿಮೀಟರ್ ಅಗಲವಿದ್ದರೆ ನಿಜವಾದ ವಿಮಾನದಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ ಬಿರುಕಾಗುತ್ತದೆ! ಅಂಥ ಬಿರುಕಿಗೆ ಕಪ್ಪು ತುಂಬಿದರೆ ವಿಮಾನ ಇಟ್ಟಿಗೆ ಗೋಡೆಯಂತೆ ಕಾಣದೆ ಇರದು. ದಪ್ಪನೆಯ ಪ್ರೈಮರ್ ಎರಡು ಸಲ ಹೊಡೆದು, 1000ದಿಂದ 2000ದವರೆಗಿನ ನಂಬರಿನ ನಯವಾದ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಗೆರೆಗಳು ಅರ್ಧ ಮುಚ್ಚಿಹೋಗುವಂತೆ ಮಾಡಿ. ಇಂಜಿನ್ ಹೊದಿಕೆಯ ಅಂಚು ಮತ್ತು ರೆಕ್ಕೆಯ ಚಲಿಸುವ ಭಾಗಗಳ ಸಂದಿಗೆ ಮಾತ್ರ, ಮೈಬಣ್ಣಕ್ಕಿಂತ ಒಂದಿಷ್ಟು ಗಾಢವಾದ ನೀಲಿಬೂದು ಸಾಕು. ಹೊಗೆಕೊಳವೆಗಳ ಹಿಂದಿನ ಕಲೆಯನ್ನು ಧಾರಾಳವಾಗಿಯೇ ತೋರಿಸಬಹುದು.

ಪ್ರಶ್ನೆ: ಇದೇ ವಿಮಾನದ ಮೇಲೆ 1944ರ ನಾರ್ಮಂಡಿ ಆಕ್ರಮಣದ ಕಪ್ಪು-ಬಿಳಿ ಪಟ್ಟೆಗಳನ್ನು ಡೆಕಾಲ್ (ಅಂಟಿಸುವ ಅಚ್ಚುಚಿತ್ರ) ಬಳಸದೆ ಬರೆಯಬೇಕು. ಅಗಲ ಎಷ್ಟಿರಬೇಕು?

ಉತ್ತರ: ಒಂದೇ ಇಂಜಿನ್ನಿನ ವಿಮಾನಗಳಿಗೆ ಪ್ರತಿ ಪಟ್ಟೆ 18 ಇಂಚು, ಒಟ್ಟು ಐದು: ಮೂರು ಬಿಳಿ, ನಡುನಡುವೆ ಎರಡು ಕಪ್ಪು. 1/48ರಲ್ಲಿ ಒಂದೊಂದೂ 9.5 ಮಿಲಿಮೀಟರ್. ಐದರ ಅಗಲಕ್ಕೂ ಮೊದಲು ಬಿಳಿ ಹೊಡೆದು, ಚೆನ್ನಾಗಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಕಪ್ಪು ಹೊಡೆಯಿರಿ. ಕ್ಯಾಮೆರಾ ಕಿಟಕಿಗಳನ್ನು ಮುಚ್ಚಿಕೊಳ್ಳಲು ಮರೆಯಬೇಡಿ. ಅವಸರದಲ್ಲಿ ಕುಂಚದಿಂದ ಬಳಿದ ಪಟ್ಟೆಗಳಾದ್ದರಿಂದ ಅಂಚು ಅಲ್ಲಲ್ಲಿ ಸೊಟ್ಟಗಾದರೆ ತಪ್ಪಿಲ್ಲ.

ಪ್ರಶ್ನೆ: ಕಿಟಕಿಯ ಗಾಜನ್ನು ಸೂಪರ್ ಗ್ಲೂನಿಂದ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಬಿಳಿ ಮಂಜು ಕವಿದಿದೆ. ಉಳಿಸಬಹುದೇ?

ಉತ್ತರ: ಆ ಅಂಟಿನ ಆವಿ ಗಾಳಿಯ ತೇವದೊಂದಿಗೆ ಸೇರಿ ಗಟ್ಟಿಯಾಗಿ ಗಾಜಿನ ಮೇಲೆ ಕುಳಿತಿದೆ. ಗಾಜನ್ನು ಬಿಡಿಸಲು ಸಾಧ್ಯವಾದರೆ ಹೊಳಪಿನ ಅಕ್ರಿಲಿಕ್ ವಾರ್ನಿಷ್‌ನಲ್ಲಿ ಅದ್ದಿ, ಧೂಳು ಕೂರದಂತೆ ಬಟ್ಟಲು ಮುಚ್ಚಿ ಒಣಗಿಸಿ. ತೆಳುವಾದ ಮಂಜು ಬಹುಪಾಲು ಮರೆಯಾಗುತ್ತದೆ. ಮರಗೆಲಸದ ಬಿಳಿ ಅಂಟು ಒಣಗಿದಾಗ ಪಾರದರ್ಶಕವಾಗುವುದರಿಂದ ಗಾಜಿನ ಭಾಗಗಳಿಗೆ ಅದೇ ಸರಿ. ಒಂದೆರಡು ಮಿಲಿಮೀಟರಿನ ಕಿಟಕಿಯಾದರೆ ಆ ಅಂಟನ್ನೇ ಕಡ್ಡಿಯ ತುದಿಯಿಂದ ತೂತಿನ ಅಡ್ಡಕ್ಕೆ ಎಳೆದು ಗಾಜಾಗಿಸಬಹುದು.

ಪ್ರಶ್ನೆ: 1/72ರ ಪ್ರಮಾಣದಲ್ಲಿ ಅಮೆರಿಕದ ಅತಿವೇಗದ ಬೇಹು ವಿಮಾನವಾದ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಕಟ್ಟುತ್ತಿದ್ದೇನೆ. ಇಂಜಿನ್ನಿನ ಬಾಯಲ್ಲಿರುವ ಚೂಪು ಶಂಕುಗಳನ್ನು ಎಷ್ಟು ಒಳಗೆ ಕೂರಿಸಬೇಕು?

ಉತ್ತರ: ಚಕ್ರಗಳ ಮೇಲೆ ನಿಲ್ಲಿಸುವುದಾದರೆ ಸ್ವಲ್ಪವೂ ಒಳಗಲ್ಲ. ಶಬ್ದದ ವೇಗದ 1.6 ಪಟ್ಟು ದಾಟಿದ ಮೇಲಷ್ಟೇ ಅವು ಹಿಂದೆ ಸರಿಯಲಾರಂಭಿಸಿ, ಪರಮಾವಧಿ ವೇಗದಲ್ಲಿ ಸುಮಾರು 26 ಇಂಚು ಒಳಸೇರುತ್ತವೆ. ನಿಮ್ಮ ಮಾದರಿಯಲ್ಲಿ ಅದು 9 ಮಿಲಿಮೀಟರ್, ಅಂದರೆ ತಪ್ಪಾಗಿ ಕೂರಿಸಿದರೆ ಕಣ್ಣಿಗೆ ಹೊಡೆಯುವಷ್ಟು. ಕಡುಕಪ್ಪಿನ ಬದಲು ಕಪ್ಪಿಗೆ ತುಸು ಬೂದು ಬೆರೆಸಿ ಬಳಿಯಿರಿ, ಇಲ್ಲವಾದರೆ ಈ ಗಾತ್ರದಲ್ಲಿ ಮೈಯ ವಿವರಗಳೆಲ್ಲ ಕತ್ತಲಲ್ಲಿ ಮುಳುಗುತ್ತವೆ. ಶಾಖ ತಡೆಯಲು ರಬ್ಬರಿಗೆ ಅಲ್ಯೂಮಿನಿಯಂ ಪುಡಿ ಬೆರೆಸುತ್ತಿದ್ದರಿಂದ ಟಯರುಗಳಿಗೆ ಮಾತ್ರ ಕಪ್ಪು ಬೇಡ, ಮಂದವಾದ ಬೆಳ್ಳಿಬೂದು ಇರಲಿ.