ಓದುಗರ ಪ್ರಶ್ನೆ: ಭೂಶಾಖ ಸ್ಥಾವರಕ್ಕೆ ಐಎಸ್‌ಒ 14001

ಪ್ರಶ್ನೆ: ನಮ್ಮ ಭೂಶಾಖ ವಿದ್ಯುತ್ ಸ್ಥಾವರಕ್ಕೆ ಐಎಸ್‌ಒ 14001 (ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಪಡೆಯಬೇಕಿದೆ. ಪರಿಸರ ನೀತಿ, ಕೈಪಿಡಿ ಬರೆದಾಗಿದೆ. ನಾವು ಕಲ್ಲಿದ್ದಲು ಸುಡುವುದಿಲ್ಲ, ಹೊಗೆಯೂ ಇಲ್ಲ. ಹಾಗಾದರೆ ಪರಿಸರ ಅಂಶಗಳ, ಅಂದರೆ ಪರಿಸರಕ್ಕೆ ತಟ್ಟುವ ನಮ್ಮ ಕೆಲಸಗಳ, ಪಟ್ಟಿಯಲ್ಲಿ ಏನು ಬರೆಯಬೇಕು?

ಉತ್ತರ: ಕೈಪಿಡಿ ಬದಿಗಿಟ್ಟು ಮೊದಲು ಹಬೆ ಮತ್ತು ನೀರಿನ ದಾರಿ ಹಿಡಿದು ನಡೆಯಿರಿ: ಉತ್ಪಾದನಾ ಬಾವಿ, ಹಬೆ-ನೀರು ಬೇರ್ಪಡಿಸುವ ಸೆಪರೇಟರ್, ಟರ್ಬೈನ್, ಕಂಡೆನ್ಸರ್, ಕೂಲಿಂಗ್ ಟವರ್, ಕೊನೆಗೆ ನೀರನ್ನು ಮರಳಿ ನೆಲಕ್ಕಿಳಿಸುವ ಬಾವಿ. ಎಲ್ಲಿ ಏನು ಹೊರಬೀಳುತ್ತದೆಂದು ಅಲ್ಲೇ ನಿಂತು ಬರೆದುಕೊಳ್ಳಿ. 2015ರ ಆವೃತ್ತಿಯ 6.1.2ನೇ ಉಪವಿಭಾಗ ಮಾಮೂಲು ಓಟವನ್ನಷ್ಟೇ ಅಲ್ಲ, ಏರುಪೇರು ಮತ್ತು ತುರ್ತು ಸ್ಥಿತಿಗಳನ್ನೂ ಪಟ್ಟಿಗೆ ಸೇರಿಸಬೇಕೆನ್ನುತ್ತದೆ. ಪಟ್ಟಿಗಳು ಸೋಲುವುದು ಇಲ್ಲೇ. ಟರ್ಬೈನ್ ಟ್ರಿಪ್ ಆದರೆ (ತಟ್ಟನೆ ನಿಂತರೆ) ಹಬೆ ಸೈಲೆನ್ಸರ್ ಮೂಲಕ ಬಯಲಿಗೆ ಹೋಗುತ್ತದೆ, ಜೊತೆಗೆ ಅದರೊಳಗಿನ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕೂಡ. ಹೊಸ ಬಾವಿಯ ಪರೀಕ್ಷೆಯಲ್ಲೂ ಹೀಗೇ.

ನಮ್ಮ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಿರುವುದು ಮರಳಿ ಇಳಿಸುವ ಬಾವಿಗೆ. ಆ ನೀರಿನಲ್ಲಿ ಆರ್ಸೆನಿಕ್, ಬೋರಾನ್ ಇರುತ್ತವೆ. ನ್ಯೂಜಿಲೆಂಡಿನ ವೈರಾಕೇ ಸ್ಥಾವರ 1958ರಲ್ಲಿ ಶುರುವಾಗಿ ದಶಕಗಳ ಕಾಲ ಇಂಥ ನೀರನ್ನು ವೈಕಾಟೊ ನದಿಗೆ ಬಿಟ್ಟಿತು. ನದಿಗೆ ಆರ್ಸೆನಿಕ್ ಸೇರಿತು. ತೆಗೆದ ನೀರು ನೆಲಕ್ಕೆ ಮರಳದೆ ಭೂಗರ್ಭದ ಒತ್ತಡ ಇಳಿದು ಒಂದು ಕಡೆ ನೆಲ 10 ಮೀಟರಿಗೂ ಹೆಚ್ಚು ಕುಸಿಯಿತು.

ಮರಳಿ ಇಳಿಸುವ ಬಾವಿ ಮುಚ್ಚಿ ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣ ನೀರಿನಲ್ಲಿ ಕರಗಿರುವ ಸಿಲಿಕಾ (ಮರಳಿನಲ್ಲಿರುವಂಥ ಖನಿಜ). ಹಬೆ ಬೇರ್ಪಟ್ಟಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ನೀರು ತಣಿದಂತೆ ಕರಗಿರಲಾರದೆ ಪೈಪಿನ ಒಳಮೈಗೆ, ಬಂಡೆಯ ಬಿರುಕುಗಳಿಗೆ ಗಟ್ಟಿ ಪದರವಾಗಿ ಅಂಟುತ್ತದೆ. ಆಮ್ಲ ಹಾಕಿ ಪಿಹೆಚ್ 5ರ ಆಸುಪಾಸಿಗೆ ತಂದರೆ ಇದು ನಿಧಾನವಾಗುತ್ತದೆ, ಆದರೆ ಆಮ್ಲ ಹೆಚ್ಚಾದರೆ ಬಾವಿಯ ಒಳಗೋಡೆಯಾದ ಉಕ್ಕಿನ ಕೇಸಿಂಗನ್ನೇ ತಿನ್ನುತ್ತದೆ. ಹಾಗಾಗಿ ಹರಿವು, ಬಾವಿಬಾಯಿಯ ಒತ್ತಡ ಎರಡನ್ನೂ ದಿನವೂ ಬರೆದಿಡಿ. ಅಷ್ಟೇ ಹರಿವಿಗೆ ಒತ್ತಡ ವಾರದಿಂದ ವಾರಕ್ಕೆ ಏರುತ್ತಿದ್ದರೆ ಬಾವಿ ಕಟ್ಟಿಕೊಳ್ಳುತ್ತಿದೆ ಎಂದೇ ಅನುಮಾನಿಸಿ. ಎಷ್ಟು ಒತ್ತಡಕ್ಕೆ ಬಾವಿ ನಿಲ್ಲಿಸಿ ಶುಚಿಮಾಡಬೇಕು, ಆಗ ನೀರು ಎಲ್ಲಿಗೆ ಹೋಗಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ತುರ್ತು ಕೊಳದ ಲೆಕ್ಕವನ್ನೂ ಹಾಕಿ: ಸೆಕೆಂಡಿಗೆ 100 ಲೀಟರ್ ಎಂದರೆ ಗಂಟೆಗೆ 360 ಘನ ಮೀಟರ್. 3,000 ಘನ ಮೀಟರಿನ ಕೊಳ ಎಂಟು ಗಂಟೆಯ ಒಂದು ಪಾಳಿ ಮುಗಿಯುವಷ್ಟರಲ್ಲಿ ಬಹುತೇಕ ತುಂಬಿರುತ್ತದೆ!

ಪ್ರಶ್ನೆ: ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಎಲ್ಲರಿಗೂ ಅನಿಲ ಅಳೆಯುವ ಮೀಟರ್ ಕೊಡಲೇಬೇಕೆ?

ಉತ್ತರ: ಕೊಡಲೇಬೇಕು, ಮೂಗನ್ನು ನಂಬಬೇಡಿ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ಹೊತ್ತಿಗೆ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟುತ್ತದೆ. ವಾಸನೆ ಹೋಯಿತೆಂದು ಗುಂಡಿಗೆ ಇಳಿದವರು ಮೇಲೆ ಬಾರದಿರಬಹುದು. ಈ ಅನಿಲ ಗಾಳಿಗಿಂತ ಭಾರ. ಬಾವಿಬಾಯಿಯ ಸುತ್ತಲಿನ ಸೆಲ್ಲಾರ್ ಎಂಬ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಅಲ್ಲಿನ ಸೆನ್ಸರ್ ತಳಕ್ಕೆ ಹತ್ತಿರವಿರಲಿ. ಮೈಮೇಲಿನ ಮೀಟರ್ ಬೆಲ್ಟಿಗಲ್ಲ, ಕಾಲರ್ ಬಳಿ ಉಸಿರಾಡುವ ಜಾಗದಲ್ಲಿರಲಿ. ಪಾಳಿ ಶುರುವಾಗುವ ಮುನ್ನ ಪರೀಕ್ಷಾ ಅನಿಲ ಹಾಯಿಸಿ, ಅಲಾರಂ ಹೊಡೆಯಿತೇ ನೋಡಿ, ದಿನಾಂಕ ಹಾಕಿ ಸಹಿ ಮಾಡಿ. ಅಲಾರಂ ಹೊಡೆಯದ ಮೀಟರ್ ಆ ಪಾಳಿಗೆ ಹೊರಡಬಾರದು.