ದ್ವೇಷ ಸಾಹಿತ್ಯಕ್ಕೆ ಕಾನೂನೂ ಬೇಕು, ವಾಕ್ ಸ್ವಾತಂತ್ರ್ಯನೂ ಬೇಕು ಅಂದ್ರೆ ಹೇಗೆ?

ಅಲ್ಪಸಂಖ್ಯಾತರ ಮೇಲೆ ದ್ವೇಷ ಹಬ್ಬಿಸೋ ಪುಸ್ತಕ, ಕರಪತ್ರಗಳನ್ನ ಸರ್ಕಾರ ತಡೆದ್ರೆ ನಾಳೆ ಅದೇ ಕಾನೂನು ನಮ್ಮ ಬಾಯಿ ಮುಚ್ಚಿಸಲ್ವಾ ಅಂತ ಕೇಳಿದೀರ. ಮುಚ್ಚಿಸುತ್ತೆ, ಈಗಾಗ್ಲೇ ಮುಚ್ಚಿಸಿದೆ. ಆದ್ರೂ ಕಾನೂನೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ.

2012ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿದ್ದೋರಿಗೆ ನೆನಪಿರುತ್ತೆ, ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ಆಗುತ್ತೆ ಅಂತ ಎಸ್ಸೆಮ್ಮೆಸ್ಸು, ಗಾಳಿಸುದ್ದಿ ಹರಡಿ ಸಾವಿರಾರು ಜನ ಬ್ಯಾಗ್ ಹಿಡ್ಕೊಂಡು ಸಿಟಿ ರೈಲ್ವೆ ಸ್ಟೇಷನ್‌ಗೆ ಬಂದ್ಬಿಟ್ರು, ಸೆಕ್ಯುರಿಟಿ ಗಾರ್ಡ್‌ಗಳು, ಪಾರ್ಲರ್ ಹುಡುಗೀರು, ಸ್ಟೂಡೆಂಟ್ಸು ಎಲ್ಲಾ, ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಡಬೇಕಾಯ್ತು. ಮಾತಿಗೆ ಮಾತಲ್ಲೇ ಉತ್ತರ ಕೊಡಿ ಅಂತಾರಲ್ಲ, ಉತ್ತರ ಕೊಡಬೇಕಾದೋರು ಅಷ್ಟೊತ್ತಿಗೆ ಟ್ರೈನ್ ಹತ್ತಿದ್ರು ಸ್ವಾಮಿ. 2022ರಲ್ಲಿ ಕರಾವಳಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕೋ ಹಾಗಿಲ್ಲ ಅಂತ ಬ್ಯಾನರ್ ಕಟ್ಟಿದ್ರಲ್ಲ, ಅಲ್ಲಿ ಯಾರ ದೇವರನ್ನೂ ಬೈದಿರಲಿಲ್ಲ, ಆದ್ರೆ ಬಳೆ, ಆಟದ ಸಾಮಾನು ಮಾರೋನ ವರ್ಷದ ದುಡಿಮೆ ಹೋಯ್ತು. ಅಮೆರಿಕದವರ 1969ರ ಬ್ರಾಂಡನ್‌ಬರ್ಗ್ ತೀರ್ಪಿನ ಪ್ರಕಾರ ತಕ್ಷಣ ಗಲಭೆ ಎಬ್ಬಿಸೋ ಮಾತಿದ್ರೆ ಮಾತ್ರ ಅಪರಾಧ, ಆ ಅಳತೇಲಿ ನೋಡಿದ್ರೆ ಈ ಬ್ಯಾನರ್ ಸಿಕ್ಕೋದೇ ಇಲ್ಲ.

ನಮ್ಮಲ್ಲಿ ಉಲ್ಟಾ ತೊಂದರೆ. 1927ರಲ್ಲಿ ಬ್ರಿಟಿಷರು ತಂದ ಐಪಿಸಿ ಸೆಕ್ಷನ್ 295ಎ, ಈಗ ಭಾರತೀಯ ನ್ಯಾಯ ಸಂಹಿತೆಯ 299, ಕಾಯೋದು ಧಾರ್ಮಿಕ ಭಾವನೇನ. ಬೇಕಂತಲೇ, ದುರುದ್ದೇಶದಿಂದ ಅವಮಾನ ಮಾಡಿದ್ರೆ ಮಾತ್ರ ಅಂತ ಸುಪ್ರೀಂ ಕೋರ್ಟು 1957ರಲ್ಲೇ ಹೇಳಿದೆ, ಆದ್ರೆ ಎಫ್‌ಐಆರ್ ಹಾಕೋವಾಗ ಉದ್ದೇಶ ಯಾರು ನೋಡ್ತಾರೆ? 2013ರಲ್ಲಿ ಗಣೇಶನ ಕುರಿತ ಕಾದಂಬರಿಗೆ ಬೆಂಗಳೂರಲ್ಲೇ ಒಬ್ಬ ಕನ್ನಡ ಲೇಖಕರನ್ನ ಅರೆಸ್ಟ್ ಮಾಡಿದ್ರು. ಆ ಕಾದಂಬರಿಯಿಂದ ಯಾರು ಊರು ಬಿಟ್ಟರು, ಯಾರ ಅಂಗಡಿ ಮುಚ್ಚಿತು? ಜಾಸ್ತಿ ಗಲಾಟೆ ಮಾಡಿದೋರ ಭಾವನೆಗೇ ಬೆಲೆ ಅಂತಾದಾಗ ಸಣ್ಣ ಸಮುದಾಯದವರಿಗೆ ಅದರಿಂದ ಏನೂ ಸಿಕ್ಕಲ್ಲ.

ಹಾಗಾಗಿ ನನ್ನ ಪ್ರಕಾರ ದೇವರು, ಗ್ರಂಥ, ಮಠ, ಪ್ರವಾದಿ, ಇತಿಹಾಸ ಇವುಗಳ ಬಗ್ಗೆ ಎಷ್ಟೇ ಖಾರವಾಗಿ ಬರೆದ್ರೂ ಬಿಟ್ಟುಬಿಡಬೇಕು, ನನ್ನ ದೇವರ ಬಗ್ಗೆ ಬರೆದ್ರೂ ಸರಿ. ಇಂಥವರಿಗೆ ಮನೆ ಕೊಡಬೇಡಿ, ಇವರ ಹತ್ರ ತರಕಾರಿ ತಗೋಬೇಡಿ, ಓಡಿಸಿ ಅಂತ ಬದುಕಿರೋ ಜನರ ಮೇಲೆ ಜನರನ್ನ ಎತ್ತಿಕಟ್ಟಿದ್ರೆ ಮಾತ್ರ ಹಿಡೀಬೇಕು. 2015ರಲ್ಲಿ ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡೋವಾಗ ಸುಪ್ರೀಂ ಕೋರ್ಟು ಚರ್ಚೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ ಅಂದಿದ್ದು ನನಗೆ ತುಂಬಾ ಸರಿ ಅನ್ಸುತ್ತೆ. ಕೆನಡಾದಲ್ಲಿ ಕ್ಲಾಸ್‌ನಲ್ಲಿ ಯಹೂದಿಗಳ ಮೇಲೆ ದ್ವೇಷ ಕಲಿಸಿದ ಮೇಷ್ಟ್ರ ಕೇಸಲ್ಲಿ, 1990ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ದ್ವೇಷದ ಕಾನೂನನ್ನ ಎತ್ತಿಹಿಡೀತು, ಅದೂ 4-3ರಲ್ಲಿ, ಅಂದ್ರೆ ಜಡ್ಜ್‌ಗಳಿಗೇ ಅಷ್ಟು ಕಷ್ಟ ಆಗಿತ್ತು. ಆ ಕಾನೂನಿನ ಪ್ರಕಾರ, ತಾನು ಹೇಳಿದ್ದು ಸತ್ಯ ಅಂತ ಆರೋಪಿ ಸಾಬೀತು ಮಾಡಿದ್ರೆ ಶಿಕ್ಷೆ ಇಲ್ಲ.

ಮುಖ್ಯವಾದ ವಿಷ್ಯ ಇನ್ನೊಂದಿದೆ. ಸಮುದಾಯಗಳ ನಡುವೆ ದ್ವೇಷ ಹಬ್ಬಿಸೋರಿಗೆ ಶಿಕ್ಷೆ ಕೊಡೋ ಐಪಿಸಿಯ ಹಳೇ 153ಎ, ನ್ಯಾಯ ಸಂಹಿತೆಯ ಈಗಿನ 196, ಇದರಡಿ ಕೇಸ್ ಕೋರ್ಟು ಕೈಗೆತ್ತಿಕೊಳ್ಳಬೇಕಂದ್ರೆ ಸರ್ಕಾರದ ಅನುಮತಿ ಬೇಕು, ಹಂಗಾಗಿ ವಿಧಾನಸೌಧದಲ್ಲಿ ಯಾರಿದಾರೆ ಅನ್ನೋದರ ಮೇಲೆ ಯಾರ ದ್ವೇಷ ಕಾಣುತ್ತೆ ಅನ್ನೋದು ನಿಂತಿದೆ. ಪುಸ್ತಕದ್ದೂ ಅದೇ ಕಥೆ, ಸರ್ಕಾರ ಮೊದಲು ಮುಟ್ಟುಗೋಲು ಹಾಕ್ಕೊಳ್ಳುತ್ತೆ, ಆಮೇಲೆ ಬರೆದೋರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಓಡಬೇಕು. ಇದನ್ನ ತಿರುಗಿಸಿ, ಮೊದಲು ಸರ್ಕಾರ ಕೋರ್ಟಿಗೆ ಹೋಗಿ ಕಾರಣ ತೋರಿಸಲಿ, ಕೋರ್ಟು ಹೂಂ ಅಂದ್ಮೇಲೆ ಪುಸ್ತಕ ಮುಟ್ಟಲಿ.